ಬೋರ್ಡಿನ ಅಂಚಿನ ಕೆಂಪು ದೀಪ: ಕೊನೆಯ ಕ್ಷಣದ ಶಾಟ್ ತೀರ್ಮಾನಿಸುವ ಸಲಕರಣೆಯೊಂದರ ವಿಮರ್ಶೆ

ಬ್ಯಾಸ್ಕೆಟ್‌ಬಾಲ್ ಪಂದ್ಯಗಳಲ್ಲಿ ಟೇಬಲ್ ಬಳಿ ಕುಳಿತು ಗೇಮ್ ಕ್ಲಾಕ್, ಅಂದರೆ ಆಟದ ಉಳಿದ ಸಮಯ ತೋರಿಸುವ ಗಡಿಯಾರ, ನಡೆಸುವ ಕೆಲಸವನ್ನು ನಾನು ಹಲವು ವರ್ಷಗಳಿಂದ ಮಾಡುತ್ತಿದ್ದೇನೆ. ನಮ್ಮ ಕೋರ್ಟ್‌ನಲ್ಲಿ ಹೊಸದಾಗಿ ಅಳವಡಿಸಿದ ಸಲಕರಣೆಗಳ ಸೆಟ್ ಒಂದನ್ನು ಇಡೀ ಒಂದು ಸೀಸನ್ ಬಳಸಿದ ಮೇಲೆ, ಇಂಥದ್ದನ್ನೇ ತರಿಸಿಕೊಳ್ಳಬೇಕೆಂದಿರುವ ಕ್ಲಬ್ಬುಗಳಿಗೂ ಶಾಲೆಗಳಿಗೂ ಉಪಯೋಗವಾಗಲಿ ಎಂದು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಈ ಸೆಟ್‌ನಲ್ಲಿ ರಿಂಗ್ ಹಿಂದಿನ ಎರಡೂ ಬೋರ್ಡುಗಳ ಅಂಚಿನ ಸುತ್ತ ಕೂರುವ ಎಲ್‌ಇಡಿ ಪಟ್ಟಿಗಳು, ಟೇಬಲ್ ಮೇಲಿಡುವ ಕನ್ಸೋಲ್, ರೆಫರಿಗಳು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪುಟ್ಟ ಪೆಟ್ಟಿಗೆ ಮತ್ತು ಎರಡು ಕ್ಯಾಮೆರಾಗಳ ರಿಪ್ಲೇ ವ್ಯವಸ್ಥೆ ಇವೆ. ತಯಾರಕರ ಹೆಸರನ್ನು ಹೇಳುವುದಿಲ್ಲ. ಇದೇ ಬಗೆಯ ಸೆಟ್‌ಗಳನ್ನು ಹಲವರು ಮಾರುತ್ತಾರೆ, ಮತ್ತು ನಾನು ಹೇಳಬೇಕಾದ ಮಾತು ಅವೆಲ್ಲಕ್ಕೂ ಅನ್ವಯಿಸುತ್ತದೆ. ಆ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಇಡೀ ಸೆಟ್‌ನ ಜೀವ ಇರುವುದು ಬೋರ್ಡಿನ ಕೆಂಪು ದೀಪದಲ್ಲಿ. ಕ್ಯಾಮೆರಾ ಎಷ್ಟೇ ಒಳ್ಳೆಯದಿರಲಿ, ಆ ದೀಪವೂ ಶಾಟ್ ಹೊಡೆಯುವವನ ಕೈಯೂ ಒಂದೇ ಚಿತ್ರದಲ್ಲಿ ಸಿಗದಿದ್ದರೆ ಅದರಿಂದ ತೀರ್ಪಿಗೆ ಏನೂ ಪ್ರಯೋಜನವಿಲ್ಲ.

ಕೊನೆಯ ಕ್ಷಣದ ಶಾಟ್ ಬಂದಾಗ ರೆಫರಿ ಉತ್ತರಿಸಬೇಕಾದ ಪ್ರಶ್ನೆ ಒಂದೇ. ಸಮಯ ಮುಗಿದ ಗಳಿಗೆಯಲ್ಲಿ ಚೆಂಡು ಆಟಗಾರನ ಕೈಯಲ್ಲಿತ್ತೋ, ಕೈಬಿಟ್ಟಿತ್ತೋ ಎಂಬುದಷ್ಟೇ ಆ ಪ್ರಶ್ನೆ. ಬೆರಳ ತುದಿಗೆ ಇನ್ನೂ ತಾಗಿಕೊಂಡಿದ್ದರೂ ಚೆಂಡು ಕೈಯಲ್ಲಿದ್ದಂತೆಯೇ ಲೆಕ್ಕ, ಆದ್ದರಿಂದ ಬಾಸ್ಕೆಟ್ ಆದರೂ ಅಂಕವಿಲ್ಲ. ಕೈಬಿಟ್ಟ ಮೇಲೆ ಅದು ಗಾಳಿಯಲ್ಲಿ ಎಷ್ಟು ಹೊತ್ತಿದ್ದರೂ, ರಿಂಗ್ ಮೇಲೆ ಎಷ್ಟು ಸಲ ಪುಟಿದರೂ ಚಿಂತೆಯಿಲ್ಲ. 2019ರ ಮೇ 12ರಂದು ಟೊರಾಂಟೊ ತಂಡದ ಕವಾಯ್ ಲೆನಾರ್ಡ್ ಫಿಲಡೆಲ್ಫಿಯಾ ವಿರುದ್ಧದ ಸರಣಿಯ ಏಳನೇ ಪಂದ್ಯದಲ್ಲಿ ಮೂಲೆಯಿಂದ ಎಸೆದ ಚೆಂಡು ರಿಂಗ್ ಮೇಲೆ ನಾಲ್ಕು ಸಲ ಪುಟಿದು ಒಳಗೆ ಬೀಳುವಷ್ಟರಲ್ಲಿ ಗಡಿಯಾರ ಆಗಲೇ ಸೊನ್ನೆಗೆ ಬಂದು ನಿಂತಿತ್ತು. ಆದರೂ ಪಂದ್ಯ 92-90ರಿಂದ ಟೊರಾಂಟೊ ಪಾಲಾದದ್ದಕ್ಕೆ ಕಾರಣ, ಕೈಬಿಟ್ಟ ಗಳಿಗೆ ಸರಿಯಾಗಿತ್ತು ಎಂಬುದೇ. ನೋಡುವವರ ಕಣ್ಣೆಲ್ಲ ರಿಂಗ್ ಮೇಲಿರುತ್ತದೆ. ತೀರ್ಪು ಕೊಡುವವರ ಕಣ್ಣು ಮಾತ್ರ ಕೈಯ ಮೇಲಿರಬೇಕು.

ಈ ಸೆಟ್ ಬರುವ ಮುಂಚೆ ನಮ್ಮಲ್ಲಿ ಇದ್ದದ್ದು ಟೇಬಲ್ ಬದಿಯ ಬಜರ್ ಒಂದೇ, ಆದ್ದರಿಂದ ರೆಫರಿ ಕೈಯನ್ನು ನೋಡುತ್ತ ಬಜರ್‌ಗಾಗಿ ಕಿವಿಗೊಟ್ಟು ನಿಲ್ಲುತ್ತಿದ್ದರು. ಇದರಲ್ಲಿ ಎರಡು ತೊಡಕುಗಳಿವೆ. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಸಾಗುತ್ತದೆ, ಅಂದರೆ 20 ಮೀಟರ್ ಆಚೆ ನಿಂತ ರೆಫರಿಯ ಕಿವಿಯನ್ನು ಅದು ಮುಟ್ಟುವಷ್ಟರಲ್ಲಿ ಸೆಕೆಂಡಿನ ನೂರರಲ್ಲಿ ಆರು ಪಾಲು ಕಳೆದುಹೋಗಿರುತ್ತದೆ. ಚೆಂಡು ಕೈಯಿಂದ ಬೆರಳ ತುದಿಗೆ ಜಾರಿ ಹಾರಿಹೋಗಲು ಅಷ್ಟು ಹೊತ್ತು ಸಾಕು. ಎರಡನೆಯದು ಗದ್ದಲ. ಪಂದ್ಯ ಬಿಗಿಯಾದಷ್ಟೂ ಜನರ ಕೂಗು ಏರುತ್ತದೆ, ಹಾಗಾಗಿ ಬಜರ್ ತುಂಬ ಬೇಕಾಗುವ ಪಂದ್ಯದಲ್ಲೇ ಅದು ಕಿವಿಗೆ ಬೀಳುವುದಿಲ್ಲ. ನನ್ನ ಎದುರಿಗೇ ಬಾರಿಸಿದ ಬಜರ್ ಕೇಳದೆ ಆಟಗಾರರು ಮತ್ತೊಂದು ಪಾಸ್ ಕೊಟ್ಟು ಶಾಟ್ ಹೊಡೆದದ್ದನ್ನು, ಅದು ಬಿದ್ದಾಗ ಇಡೀ ತಂಡ ಕುಣಿದದ್ದನ್ನು, ಆಮೇಲೆ ರೆಫರಿ ಕೈ ಬೀಸಿ ರದ್ದು ಮಾಡಿದಾಗ ಆ ಮಕ್ಕಳ ಮುಖ ಬಾಡಿದ್ದನ್ನು ನಾನು ಕಂಡಿದ್ದೇನೆ. ತೀರ್ಪು ಸರಿಯಿತ್ತು, ಆದರೆ ಅದು ಸರಿ ಎಂದು ಅವರಿಗೆ ತೋರಿಸಿಕೊಡಲು ನಮ್ಮ ಬಳಿ ಏನೂ ಇರಲಿಲ್ಲ.

ಕೆಂಪು ದೀಪದ ಬೆಲೆ ಗೊತ್ತಾಗುವುದು ಇಲ್ಲಿ. ಗಡಿಯಾರ ಸೊನ್ನೆಗೆ ಬಂದ ಕೂಡಲೇ ಬೋರ್ಡಿನ ನಾಲ್ಕೂ ಅಂಚು ಒಟ್ಟಿಗೆ ಕೆಂಪಾಗಿ ಉರಿಯುತ್ತದೆ. ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟವಾದ ಫೀಬಾದ ನಿಯಮದ ಪ್ರಕಾರ, ಬೋರ್ಡಿನ ಸುತ್ತ ಕೆಂಪು ದೀಪ ಇರುವಲ್ಲಿ ಬಜರ್ ಸದ್ದಿಗಿಂತ ದೀಪಕ್ಕೇ ಮೊದಲ ಮಾನ್ಯತೆ. ಎರಡೂ ಒಂದಿಷ್ಟು ಹಿಂದುಮುಂದಾದರೆ ಕ್ವಾರ್ಟರ್ (ಪಂದ್ಯದ ನಾಲ್ಕು ಭಾಗಗಳಲ್ಲಿ ಒಂದು) ಮುಗಿದದ್ದು ದೀಪ ಹೊತ್ತಿದಾಗ. ಶಾಟ್ ಹೊಡೆಯುವವನ ಹಿಂದೆ ಅಥವಾ ಬದಿಗೆ ನಿಂತು ನೋಡುವ ರೆಫರಿಗೆ ಕೈಯ ಆಚೆ ಬೋರ್ಡು ಕಾಣುತ್ತಲೇ ಇರುವುದರಿಂದ, ಅವರು ಕೈಯಿಂದ ಕಣ್ಣು ಕೀಳದೆಯೇ ದೀಪ ಹೊತ್ತಿದ್ದನ್ನು ಗಮನಿಸಬಹುದು. ಮೂವರು ರೆಫರಿಗಳಿರುವ ಪಂದ್ಯಗಳಲ್ಲಿ ಸಾಮಾನ್ಯವಾಗಿ ಟೇಬಲ್‌ಗೆ ಎದುರು ಬದಿಯಲ್ಲಿ, ಬೋರ್ಡಿನಿಂದ ದೂರದಲ್ಲಿ ನಿಂತವರಿಗೆ ಈ ಕೆಲಸ ಒಪ್ಪಿಸುತ್ತಾರೆ. ಇಬ್ಬರೇ ಇದ್ದಾಗ ಹಿಂದಿನಿಂದ ಬರುವ ಟ್ರೈಲ್ ರೆಫರಿಯದು ಆ ಹೊಣೆ. ಬೋರ್ಡಿನ ಬುಡದಲ್ಲಿರುವ ಲೀಡ್ ರೆಫರಿಗೆ ದೀಪ ತಲೆಯ ಮೇಲಿರುವುದರಿಂದ ಅವರಿಂದ ಇದನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಪಂದ್ಯಕ್ಕೆ ಮುಂಚಿನ ಮಾತುಕತೆಯಲ್ಲೇ ಯಾರು ನೋಡಬೇಕೆಂಬುದು ನಿಶ್ಚಯವಾಗಿರುತ್ತದೆ, ಮತ್ತು ಕೊನೆಯ ಮಿನಿಟಿನಲ್ಲಿ ಅವರು ಉಳಿದ ಇಬ್ಬರಿಗೆ ಕೈಸನ್ನೆಯಿಂದ ಅದನ್ನು ಮತ್ತೊಮ್ಮೆ ನೆನಪಿಸುವುದನ್ನು ಗಮನವಿಟ್ಟರೆ ನೀವೂ ಕಾಣಬಹುದು.

ಈ ಸೆಟ್‌ನ ದೀಪ ಎಷ್ಟು ಪ್ರಾಮಾಣಿಕವಾಗಿದೆ ಎಂದು ನಾನೇ ಪರೀಕ್ಷಿಸಿದೆ. ಸೆಕೆಂಡಿಗೆ 240 ಚಿತ್ರ ಹಿಡಿಯುವ ಮೊಬೈಲನ್ನು ಸ್ಟ್ಯಾಂಡ್ ಮೇಲಿಟ್ಟು, ಬೋರ್ಡಿನ ಮೇಲಿನ ಶಾಟ್ ಕ್ಲಾಕ್ (ಒಂದು ತಂಡಕ್ಕೆ ಶಾಟ್ ಹೊಡೆಯಲು ಇರುವ ಸಮಯವನ್ನು ಎಣಿಸುವ ಗಡಿಯಾರ) ಪೆಟ್ಟಿಗೆಯಲ್ಲಿ ಕಾಣುವ ಗೇಮ್ ಕ್ಲಾಕ್ ಅಂಕಿಯೂ ದೀಪದ ಪಟ್ಟಿಯೂ ಒಂದೇ ಚಿತ್ರದಲ್ಲಿ ಬರುವಂತೆ ಮಾಡಿ, ಗಡಿಯಾರವನ್ನು ಹತ್ತಾರು ಸಲ ಸೊನ್ನೆಗೆ ಓಡಿಸಿದೆ. ತಂತಿಯಿಂದ ಜೋಡಿಸಿದ ಬೋರ್ಡಿನಲ್ಲಿ ಪ್ರತಿ ಸಲವೂ ದೀಪ ಒಂದೇ ರೀತಿ, ತಡವರಿಸದೆ ಹೊತ್ತಿಕೊಂಡಿತು. ತಂತಿಯಿಲ್ಲದೆ ರೇಡಿಯೊ ಸಂಕೇತದ ಮೇಲೆ ನಡೆಯುವ ಇನ್ನೊಂದು ಬದಿಯ ಬೋರ್ಡು ಮಾತ್ರ ಬಹುತೇಕ ಸರಿಯಾಗಿ ನಡೆದು, ನಡುನಡುವೆ ಹಲವು ಚಿತ್ರಗಳಷ್ಟು ತಡ ಮಾಡಿತು. ಬರಿಗಣ್ಣಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ. ಆದರೆ ಒಂದು ಬೋರ್ಡಿಗೆ ದಾಳಿ ಮಾಡುವ ತಂಡಕ್ಕೆ ಸಿಗುವ ಸಮಯ ಇನ್ನೊಂದು ಬೋರ್ಡಿಗೆ ದಾಳಿ ಮಾಡುವ ತಂಡಕ್ಕಿಂತ ಒಂದಿಷ್ಟಾದರೂ ಹೆಚ್ಚಿದೆ ಎಂಬುದನ್ನು ಗಡಿಯಾರ ನಡೆಸುವವನಾಗಿ ನಾನು ಒಪ್ಪಲಾರೆ. ಮಾರಿದವರಿಗೆ ಈ ವಿಡಿಯೊ ಕಳಿಸಿದಾಗ ಮೊದಲು ಬಂದ ಉತ್ತರ ‘ಇಷ್ಟು ಸಣ್ಣ ತಡ ಯಾರಿಗೂ ಗೊತ್ತಾಗುವುದಿಲ್ಲ’ ಎಂಬುದಾಗಿತ್ತು. ಇಷ್ಟು ಸಣ್ಣ ತಡವನ್ನು ಗೊತ್ತುಮಾಡುವುದಕ್ಕೆಂದೇ ಇರುವ ಯಂತ್ರವನ್ನು ಮಾರುವವರು ಆಡಬಾರದ ಮಾತು ಅದು. ಎರಡು ತಿಂಗಳು ಬೆನ್ನುಹತ್ತಿದ ಮೇಲೆ ಅವರ ತಂತ್ರಜ್ಞರೇ ಬಂದು ಆ ಬೋರ್ಡಿಗೂ ತಂತಿ ಎಳೆದುಕೊಟ್ಟರು, ಆಮೇಲೆ ತೊಂದರೆ ಕಾಣಲಿಲ್ಲ. ನೀವು ಕೊಳ್ಳುವುದಾದರೆ ಮೊದಲೇ ತಂತಿಯದ್ದನ್ನೇ ಕೇಳಿ.

ಇಷ್ಟೇ ಮುಖ್ಯವಾದ ಇನ್ನೊಂದು ಸಂಗತಿ ದೀಪದ ಬಣ್ಣಗಳದ್ದು. ಕ್ವಾರ್ಟರ್ ಮುಗಿದದ್ದಕ್ಕೆ ಕೆಂಪು, ಶಾಟ್ ಕ್ಲಾಕ್ ಮುಗಿದದ್ದಕ್ಕೆ ಬೋರ್ಡಿನ ಮೇಲಂಚಿನಲ್ಲಿ ಹಳದಿ. ನಮ್ಮ ಸೆಟ್‌ನಲ್ಲಿ ಎರಡೂ ಬೇರೆ ಬೇರೆಯಾಗಿ ಸ್ಪಷ್ಟವಾಗಿವೆ, ಹಗಲಿನ ಬೆಳಕು ಕಿಟಕಿಯಿಂದ ನೇರ ಬಿದ್ದಾಗಲೂ ಕಣ್ಣಿಗೆ ಹೊಡೆಯುತ್ತವೆ.

ಇನ್ನು ಗಡಿಯಾರ. ಕೊನೆಯ ಶಾಟ್ ಚರ್ಚೆಯಲ್ಲಿ ಎಲ್ಲರೂ ಗಡಿಯಾರ ನಿಲ್ಲುವುದನ್ನು ಕುರಿತು ಮಾತಾಡುತ್ತಾರೆ, ಆದರೆ ಹೆಚ್ಚು ಅನ್ಯಾಯ ಆಗುವುದು ಅದು ಶುರುವಾಗುವ ಕಡೆಯಲ್ಲಿ. ಥ್ರೋ-ಇನ್ ಆದಾಗ, ಅಂದರೆ ಗೆರೆಯ ಹೊರಗಿನಿಂದ ಚೆಂಡನ್ನು ಒಳಗೆ ಎಸೆದಾಗ, ಚೆಂಡು ಅಂಗಣದೊಳಗಿನ ಆಟಗಾರನನ್ನು ತಾಕಿದ ಕ್ಷಣಕ್ಕೆ ಗಡಿಯಾರ ಓಡಬೇಕು. ಅದನ್ನು ಕಂಡು, ಬಟನ್ ಒತ್ತುವ ನನ್ನ ಹೆಬ್ಬೆರಳಿಗೆ ಸೆಕೆಂಡಿನ ಐದನೇ ಒಂದು ಪಾಲಾದರೂ ಬೇಕು. ಹನ್ನೆರಡು ಸೆಕೆಂಡು ಉಳಿದಿದ್ದರೆ ಇದು ಲೆಕ್ಕಕ್ಕೆ ಬರುವುದಿಲ್ಲ, ಅರ್ಧ ಸೆಕೆಂಡು ಉಳಿದಿದ್ದರೆ ಇದೇ ಎಲ್ಲ. 1990ರ ಜನವರಿ 15ರಂದು ನ್ಯೂಯಾರ್ಕ್ ನಿಕ್ಸ್ ತಂಡದ ಟ್ರೆಂಟ್ ಟಕರ್ ಕೇವಲ 0.1 ಸೆಕೆಂಡು ಉಳಿದಿದ್ದಾಗ ಪಾಸ್ ಹಿಡಿದು, ತಿರುಗಿ, ಮೂರು ಅಂಕದ ಶಾಟ್ ಹೊಡೆದು ಷಿಕಾಗೊ ಬುಲ್ಸ್ ಅನ್ನು 109-106ರಿಂದ ಸೋಲಿಸಿದರು. ಹಿಡಿದು ಎಸೆಯುವ ಆ ಕೆಲಸ 0.1 ಸೆಕೆಂಡಿನಲ್ಲಿ ಆಗಲು ಸಾಧ್ಯವೇ ಇಲ್ಲ ಎಂಬುದು ಎಲ್ಲರಿಗೂ ಕಂಡಿತು. ಷಿಕಾಗೊದ ದೂರು ತಿರಸ್ಕೃತವಾದರೂ, ಮುಂದಿನ ಸೀಸನ್‌ನಿಂದ ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎ ನಿಯಮವನ್ನೇ ಬದಲಿಸಿತು. ಈಗ ಫೀಬಾದಲ್ಲೂ ಅದೇ ನಡೆ: ಥ್ರೋ-ಇನ್ ಹಿಡಿದು ಶಾಟ್ ಹೊಡೆಯಬೇಕಾದರೆ ಗಡಿಯಾರದಲ್ಲಿ ಕನಿಷ್ಠ 0.3 ಸೆಕೆಂಡು ಇರಬೇಕು, 0.2 ಅಥವಾ 0.1 ಇದ್ದರೆ ಗಾಳಿಯಲ್ಲಿರುವ ಚೆಂಡನ್ನು ತಟ್ಟಿ ಅಥವಾ ನೇರ ಡಂಕ್ ಮಾಡಿ (ಕೈಯಿಂದಲೇ ರಿಂಗ್‌ನೊಳಗೆ ತುರುಕಿ) ಮಾತ್ರ ಅಂಕ ಪಡೆಯಬಹುದು. ನನ್ನ ಮಟ್ಟಿಗೆ ಈ ಆಟದ ನಿಯಮಗಳಲ್ಲೇ ಅತ್ಯಂತ ವಿವೇಕದ್ದು ಇದು, ಏಕೆಂದರೆ ಗಡಿಯಾರ ನಡೆಸುವವನ ಬೆರಳಿಗೆ ಒಂದು ಮಿತಿಯಿದೆ ಎಂಬುದನ್ನು ನಿಯಮವೇ ಒಪ್ಪಿಕೊಂಡಿದೆ. 2004ರ ಮೇ 13ರಂದು ಲೇಕರ್ಸ್‌ನ ಡೆರೆಕ್ ಫಿಶರ್ 0.4 ಸೆಕೆಂಡು ಉಳಿದಿದ್ದಾಗ ಚೆಂಡು ಹಿಡಿದು ಹೊಡೆದ ಶಾಟ್ ಈ ಮಿತಿಯ ಒಂದೇ ಒಂದು ಮೆಟ್ಟಿಲು ಮೇಲಿತ್ತು. ರೆಫರಿಗಳು ರಿಪ್ಲೇ ನೋಡಿ ಅಂಕ ಕೊಟ್ಟರು, ಲೇಕರ್ಸ್ 74-73ರಿಂದ ಗೆದ್ದಿತು, ಎದುರಾಳಿ ಸ್ಯಾನ್ ಆಂಟೋನಿಯೊದ ದೂರು ತಿರಸ್ಕೃತವಾಯಿತು.

ಗಡಿಯಾರದ ಗೊಂದಲ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ 1972ರ ಮ್ಯೂನಿಕ್ ಒಲಿಂಪಿಕ್ಸ್ ಫೈನಲ್ ಇಂದಿಗೂ ಟೇಬಲ್ ಕೆಲಸ ಕಲಿಯುವವರಿಗೆ ಪಾಠವಾಗಬೇಕು. ಮೂರು ಸೆಕೆಂಡು ಉಳಿದಿದ್ದಾಗ ಡಗ್ ಕಾಲಿನ್ಸ್ ಎದುರಾಳಿಯ ಫೌಲ್‌ಗೆ ಸಿಕ್ಕ ಎರಡು ಫ್ರೀ ಥ್ರೋ ಹಾಕಿ ಅಮೆರಿಕವನ್ನು 50-49ಕ್ಕೆ ತಂದ ಮೇಲೆ, ಸೋವಿಯತ್ ತಂಡದ ಟೈಮ್-ಔಟ್ ಕೋರಿಕೆಯ ಗಲಾಟೆಯಲ್ಲಿ ಆಟ ನಡುವೆಯೇ ನಿಂತಿತು. ಎರಡನೇ ಸಲ ಚೆಂಡು ಒಳಗೆ ಎಸೆದಾಗ ಗಡಿಯಾರವನ್ನು ಮೂರು ಸೆಕೆಂಡಿಗೆ ಹೊಂದಿಸುವ ಕೆಲಸವೇ ಮುಗಿದಿರಲಿಲ್ಲ. ಮೂರನೇ ಸಲ ಅಲೆಕ್ಸಾಂಡರ್ ಬೆಲೊವ್ ಹಾಕಿದ ಬಾಸ್ಕೆಟ್‌ನಿಂದ ಸೋವಿಯತ್ ಒಕ್ಕೂಟ 51-50ರಿಂದ ಗೆದ್ದಿತು. ಅಮೆರಿಕದ ಆಟಗಾರರು ಬೆಳ್ಳಿ ಪದಕವನ್ನು ಇಂದಿಗೂ ಪಡೆದಿಲ್ಲ. ಬೆಲೊವ್ ಶಾಟ್‌ನಲ್ಲಿ ಯಾವ ದೋಷವೂ ಇರಲಿಲ್ಲ. ಜಗಳವೆಲ್ಲ ಗಡಿಯಾರದಲ್ಲಿ ಎಷ್ಟು ಇರಬೇಕಿತ್ತು ಎಂಬುದರ ಬಗ್ಗೆ. ರೆಫರಿ, ಟೈಮರ್ (ಗಡಿಯಾರ ನಡೆಸುವವನು) ಮತ್ತು ಕನ್ಸೋಲ್ ಮೂವರ ನಡುವೆ ಮಾತು ಮುಗಿಯುವ ಮುಂಚೆ ಚೆಂಡನ್ನು ಎಸೆಯಲು ಕೊಟ್ಟರೆ ಆಗುವುದು ಇದೇ.

ಆದ್ದರಿಂದಲೇ ಈ ಸೆಟ್‌ನ ಸೊಂಟದ ಪೆಟ್ಟಿಗೆಯ ಬಗ್ಗೆ ನನಗೆ ಹೆಚ್ಚು ಕುತೂಹಲವಿತ್ತು. ಎನ್‌ಬಿಎ ಪಂದ್ಯಗಳಲ್ಲಿ ವರ್ಷಗಳಿಂದ ಬಳಕೆಯಲ್ಲಿರುವ ವಿಧಾನವೇ ಇಲ್ಲೂ ಇದೆ: ರೆಫರಿಯ ಪುಟ್ಟ ಮೈಕ್ ವಿಸಿಲ್‌ನ ಸದ್ದನ್ನು ಗುರುತಿಸಿದ ಕೂಡಲೇ ಗಡಿಯಾರ ತಾನಾಗಿ ನಿಲ್ಲುತ್ತದೆ, ಮತ್ತು ಪೆಟ್ಟಿಗೆಯ ಗುಂಡಿ ಒತ್ತಿ ರೆಫರಿಯೇ ಗಡಿಯಾರವನ್ನು ಶುರುಮಾಡಲೂಬಹುದು. ವಿಸಿಲ್‌ಗೂ ನನ್ನ ಬೆರಳಿಗೂ ನಡುವೆ ಕಳೆದುಹೋಗುತ್ತಿದ್ದ ಸಮಯ ಪ್ರತಿ ಪಂದ್ಯದಲ್ಲೂ ಆಟಗಾರರಿಗೆ ಮರಳಿ ಸಿಕ್ಕಿತು, ಅದು ನಿಜವಾದ ಲಾಭ. ಪಕ್ಕದ ಅಂಗಣದಲ್ಲಿ ಇನ್ನೊಂದು ಪಂದ್ಯ ನಡೆಯುತ್ತಿದ್ದಾಗ ಅಲ್ಲಿಯ ವಿಸಿಲ್‌ಗೆ ನಮ್ಮ ಗಡಿಯಾರ ನಿಂತದ್ದು ಎರಡು ಸಲ ಆಯಿತು. ಮೈಕ್‌ನ ಸೂಕ್ಷ್ಮತೆ ತಗ್ಗಿಸಿ, ರೆಫರಿಗಳು ಅದನ್ನು ಕೊರಳಪಟ್ಟಿಯ ಹತ್ತಿರ ಸಿಕ್ಕಿಸಿಕೊಳ್ಳುವಂತೆ ಮಾಡಿದ ಮೇಲೆ ಆ ತೊಂದರೆ ತಪ್ಪಿತು. ಯಂತ್ರ ಇದೆಯೆಂದು ನಾನು ಬೆರಳನ್ನು ಬಟನ್ ಮೇಲಿಂದ ತೆಗೆಯುವುದಿಲ್ಲ, ಯಾವ ಟೈಮರೂ ತೆಗೆಯಬಾರದು.

ರಿಪ್ಲೇ ಭಾಗವನ್ನು ತುಸು ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ಕೊಳ್ಳುವವರು ಹೆಚ್ಚಾಗಿ ಮರುಳಾಗುವುದು ಇದಕ್ಕೇ. ಎನ್‌ಬಿಎ 2002-03ರ ಸೀಸನ್‌ನಿಂದ ಕೊನೆಯ ಕ್ಷಣದ ಶಾಟ್‌ಗಳಿಗೆ ರಿಪ್ಲೇ ತಂದಿತು. ಅದಕ್ಕೆ ಸ್ವಲ್ಪ ಮುಂಚೆ, 2002ರ ಮೇ 26ರಂದು, ಸ್ಯಾಕ್ರಮೆಂಟೊ ವಿರುದ್ಧ ಲೇಕರ್ಸ್‌ನ ಸಮಾಕಿ ವಾಕರ್ ಮೊದಲರ್ಧದ ಕೊನೆಗೆ ದೂರದಿಂದ ಎಸೆದ ಮೂರು ಅಂಕದ ಶಾಟ್ ಮಾನ್ಯವಾಗಿತ್ತು. ಸಮಯ ಮುಗಿದಾಗ ಚೆಂಡು ಅವರ ಕೈಯಲ್ಲೇ ಇತ್ತೆಂದು ಟಿವಿಯಲ್ಲಿ ಎಲ್ಲರೂ ನೋಡಿದರು, ರೆಫರಿಗಳಿಗೆ ನೋಡುವ ಅಧಿಕಾರ ಇರಲಿಲ್ಲ. ಲೇಕರ್ಸ್ ಆ ಪಂದ್ಯ ಗೆದ್ದದ್ದು 100-99ರಿಂದ, ಒಂದೇ ಅಂಕದಿಂದ. ಈಗ ಅಲ್ಲಿ ಗಡಿಯಾರ ಸೊನ್ನೆಯಾದಾಗ ಬಿದ್ದ ಬಾಸ್ಕೆಟ್ ತಾನಾಗಿಯೇ ಪರಿಶೀಲನೆಗೆ ಹೋಗುತ್ತದೆ, ಮತ್ತು 2014-15ರಿಂದ ನ್ಯೂಜೆರ್ಸಿಯ ಸಿಕಾಕಸ್‌ನಲ್ಲಿ ಅದಕ್ಕೆಂದೇ ಒಂದು ರಿಪ್ಲೇ ಕೇಂದ್ರವಿದೆ.

ನಮ್ಮ ಎರಡು ಕ್ಯಾಮೆರಾಗಳಿಗೆ ಆ ವೈಭವವಿಲ್ಲ. ತಪ್ಪು ಆದದ್ದು ಕ್ಯಾಮೆರಾದಿಂದಲ್ಲ, ಅದನ್ನು ಕೂರಿಸಿದ ಜಾಗದಿಂದ. ಅಳವಡಿಸಲು ಬಂದವರು ಎರಡನ್ನೂ ಟೇಬಲ್ ಮೇಲಿನ ಕಂಬಕ್ಕೆ ಬಿಗಿದು ಹೋದರು. ಅಲ್ಲಿಂದ ಅಂಗಣವೆಲ್ಲ ಚೆಂದವಾಗಿ ಕಾಣುತ್ತದೆ, ಆದರೆ ಬೋರ್ಡು ಅಂಚಿನಿಂದ ಮಾತ್ರ ಕಾಣುವುದರಿಂದ ದೀಪದ ಪಟ್ಟಿ ಒಂದು ಗೆರೆಯಷ್ಟೇ ಆಗುತ್ತದೆ. ಒಂದು ಪಂದ್ಯದ ಕೊನೆಯಲ್ಲಿ, ಒಂದು ಅಂಕ ಹಿಂದಿದ್ದ ತಂಡದ ಹುಡುಗಿಯೊಬ್ಬಳು ಬಲಬದಿಯಿಂದ ಹಾರಿ ಹೊಡೆದ ಶಾಟ್ ಬಿದ್ದಿತು, ಟ್ರೈಲ್ ರೆಫರಿ ಕೂಡಲೇ ಅಂಕ ಕೊಟ್ಟರು, ಎದುರು ತಂಡ ಆಕ್ಷೇಪಿಸಿತು. ನಾವು ಪರದೆಯ ಮುಂದೆ ನಿಂತು ಒಂದೊಂದೇ ಚಿತ್ರ ಮುಂದೂಡಿ ನೋಡಿದೆವು. ಒಂದು ಚಿತ್ರದಲ್ಲಿ ಚೆಂಡು ಮಧ್ಯದ ಬೆರಳಿಗೆ ತಾಗಿತ್ತು. ಮರುಚಿತ್ರದಲ್ಲಿ ಬೆರಳಿಗೂ ಚೆಂಡಿಗೂ ನಡುವೆ ಕೂದಲೆಳೆಯಷ್ಟು ಬೆಳಕು ಕಂಡಿತು. ದೀಪ ಹೊತ್ತಿದ್ದು ಇವುಗಳಲ್ಲಿ ಯಾವುದರಲ್ಲಿ ಎಂಬುದು ಮಾತ್ರ ಚಿತ್ರದಲ್ಲಿರಲಿಲ್ಲ, ರಿಂಗ್ ಕಂಬ ಅದನ್ನು ಮರೆಮಾಡಿತ್ತು. ಅಂಗಣದಲ್ಲಿ ಕೊಟ್ಟ ಮೊದಲ ತೀರ್ಪನ್ನು ಬದಲಿಸಲು ಸ್ಪಷ್ಟವಾದ, ಸಂಶಯಕ್ಕೆಡೆಯಿಲ್ಲದ ದೃಶ್ಯ ಸಾಕ್ಷ್ಯ ಬೇಕು ಎಂಬುದು ನಿಯಮ. ಅಂಥದ್ದು ಇಲ್ಲದ್ದರಿಂದ ಮುಖ್ಯ ರೆಫರಿ ಮೊದಲ ತೀರ್ಪನ್ನೇ ಎತ್ತಿಹಿಡಿದರು. ಅವರು ಮಾಡಿದ್ದು ಸರಿ. ಆದರೆ ಸೋತ ತಂಡದ ತರಬೇತುದಾರರು ಪರದೆ ನೋಡಿ ಹಿಂತಿರುಗಿದಾಗ ಅವರಿಗೆ ಸಿಗಬೇಕಿದ್ದ ಸಮಾಧಾನವನ್ನು ನಮ್ಮ ಸಲಕರಣೆ ಕೊಡಲಿಲ್ಲ, ಅದು ನನಗೆ ಇಂದಿಗೂ ನೋವಿನ ವಿಷಯ.

ಆಮೇಲೆ ನಾವೇ ಕ್ಯಾಮೆರಾಗಳನ್ನು ಕಿತ್ತು, ಒಂದೊಂದನ್ನು ಅಂಗಣದ ಒಂದೊಂದು ತುದಿಯಲ್ಲಿ ಎತ್ತರಕ್ಕೆ ಕೂರಿಸಿ, ಎದುರಿನ ಬೋರ್ಡಿನ ಕಡೆ ತಿರುಗಿಸಿದೆವು. ಈಗ ಶಾಟ್ ಹೊಡೆಯುವವರ ಬೆನ್ನು, ಎತ್ತಿದ ಕೈ ಮತ್ತು ಅದರಾಚೆ ದೀಪ ಮೂರೂ ಒಟ್ಟಿಗೆ ಕಾಣುತ್ತವೆ. ಸೆಕೆಂಡಿಗೆ 60 ಚಿತ್ರ ಹಿಡಿಯುವ ಈ ಕ್ಯಾಮೆರಾಗಳಲ್ಲಿ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಸುಮಾರು 0.017 ಸೆಕೆಂಡಿನ ಅಂತರ. ಸೆಕೆಂಡಿಗೆ 30 ಚಿತ್ರದ ಅಗ್ಗದ ಕ್ಯಾಮೆರಾದಲ್ಲಿ ಅದು ಎರಡರಷ್ಟಾಗುತ್ತದೆ, ಬೆರಳಿನಿಂದ ಚೆಂಡು ಬಿಡುವ ಕ್ಷಣವೇ ಆ ಬಿರುಕಿನಲ್ಲಿ ಕಳೆದುಹೋಗಬಹುದು. ಬೆಳಕು ಕಡಿಮೆಯಿದ್ದಾಗ ಕ್ಯಾಮೆರಾ ತಾನಾಗಿ ಶಟರ್ ನಿಧಾನ ಮಾಡಿಕೊಂಡು ಕೈಯನ್ನೂ ಚೆಂಡನ್ನೂ ಕಲಸಿದಂತೆ ತೋರಿಸುತ್ತದೆ, ಹಾಗಾಗಿ ಶಟರ್ ವೇಗವನ್ನು ಕೈಯಾರೆ ಹೊಂದಿಸಿ ಬೀಗ ಹಾಕಿಡಬೇಕು. ಶಟರ್ ತೀರ ವೇಗವಾದರೆ ಮತ್ತೊಂದು ತೊಂದರೆ: ಕೆಲವು ಎಲ್‌ಇಡಿ ಪಟ್ಟಿಗಳು ಕಣ್ಣಿಗೆ ಕಾಣದಷ್ಟು ಬೇಗ ಮಿಣುಕುತ್ತಿರುವುದರಿಂದ, ಹೊತ್ತಿದ ದೀಪವೂ ಒಂದು ಚಿತ್ರದಲ್ಲಿ ಆರಿದಂತೆ ಕಾಣಬಹುದು. ನಮ್ಮ ಪಟ್ಟಿಯಲ್ಲಿ ಹಾಗಾಗುತ್ತಿಲ್ಲ ಎಂಬುದನ್ನು ಮೊಬೈಲ್ ಪರೀಕ್ಷೆಯಲ್ಲೇ ಖಚಿತಪಡಿಸಿಕೊಂಡೆ. ಕೊಳ್ಳುವ ಮುಂಚೆ ನೀವೂ ಇದನ್ನು ನೋಡಲೇಬೇಕು.

ಕೊನೆಯ ಗಳಿಗೆಯಲ್ಲಿ ಫೌಲ್ ಆದಾಗಲೂ ಇದೇ ಸಲಕರಣೆ ನೆರವಿಗೆ ಬರುತ್ತದೆ. ಫೌಲ್ ದೀಪಕ್ಕಿಂತ ಮುಂಚೆ ಆಗಿದ್ದರೆ ಗಡಿಯಾರದಲ್ಲಿ ಏನೂ ಉಳಿಯದಿದ್ದರೂ ಆ ಫೌಲ್‌ಗೆ ಸಿಗಬೇಕಾದ ಫ್ರೀ ಥ್ರೋ ಹೊಡೆಸಬೇಕು. ಇದನ್ನು ಒಂದು ಸೀಸನ್‌ನಲ್ಲಿ ಒಂದೇ ಸಲ ಬಳಸಿದೆವು, ಕ್ಯಾಮೆರಾ ಜಾಗ ಬದಲಿಸಿದ ಮೇಲೆ. ಸಂಶಯಕ್ಕೆ ಎಡೆಯಿಲ್ಲದಂತೆ ಕಂಡಿತು.

ತಯಾರಕರ ಸೇವೆಯ ಬಗ್ಗೆ ಹೇಳುವುದಾದರೆ, ದೂರವಾಣಿಗೆ ಸಿಗುತ್ತಾರೆ, ಬಿಡಿಭಾಗ ಬೇಗ ಕಳಿಸುತ್ತಾರೆ, ಆದರೆ ಅಳವಡಿಸಲು ಬರುವವರಿಗೆ ಆಟ ಗೊತ್ತಿಲ್ಲ. ದೀಪವನ್ನು ರೆಫರಿ ಎಲ್ಲಿಂದ ನೋಡುತ್ತಾರೆ ಎಂದು ಒಬ್ಬರೂ ಕೇಳಲಿಲ್ಲ. ಕೊಳ್ಳುವ ಕ್ಲಬ್ಬುಗಳು ಅಳವಡಿಸುವ ದಿನ ಒಬ್ಬ ಅನುಭವಿ ರೆಫರಿಯನ್ನೂ ಒಬ್ಬ ಟೈಮರನ್ನೂ ಅಲ್ಲಿ ನಿಲ್ಲಿಸಿಕೊಳ್ಳಬೇಕೆಂದು ನನ್ನ ಮನವಿ. ಹಣ ಸಾಲದಿದ್ದರೆ ರಿಪ್ಲೇಯನ್ನು ಬಿಟ್ಟು ದೀಪವನ್ನೂ ಕನ್ಸೋಲನ್ನೂ ಮಾತ್ರ ಕೊಳ್ಳಿ, ಏಕೆಂದರೆ ದೀಪವಿದ್ದರೆ ರೆಫರಿಯ ಮೊದಲ ತೀರ್ಪೇ ಸರಿಯಾಗುವ ಸಾಧ್ಯತೆ ಹೆಚ್ಚು, ದೀಪವಿಲ್ಲದ ರಿಪ್ಲೇ ಆ ತೀರ್ಪನ್ನು ತಿದ್ದಲಾರದು.

ರಿಪ್ಲೇ ಇರುವಲ್ಲಿ ಅದನ್ನು ಪಂದ್ಯಕ್ಕೆ ಮುಂಚೆ ಮುಖ್ಯ ರೆಫರಿ ಪರಿಶೀಲಿಸಿ ಒಪ್ಪಬೇಕು ಎಂದು ಫೀಬಾ ನಿಯಮ ಹೇಳುತ್ತದೆ. ನಾವು ಈಗ ಅದರ ಜೊತೆಗೆ ಇನ್ನೊಂದನ್ನು ಸೇರಿಸಿಕೊಂಡಿದ್ದೇವೆ. ತಂಡಗಳು ಮೈ ಬಿಸಿ ಮಾಡಿಕೊಳ್ಳುತ್ತಿರುವಾಗ ನಾನು ಗಡಿಯಾರವನ್ನು ಐದು ಸೆಕೆಂಡಿಗೆ ಇಟ್ಟು ಬಿಡುತ್ತೇನೆ, ರೆಫರಿಯೊಬ್ಬರು ಮೂರು ಅಂಕದ ಗೆರೆಯ ಬಳಿ ನಿಂತು ಕೈ ಎತ್ತುತ್ತಾರೆ, ದೀಪ ಹೊತ್ತುತ್ತದೆ. ಆಮೇಲೆ ಇಬ್ಬರೂ ಪರದೆಯ ಬಳಿ ಬಂದು ಆ ಕೈಯೂ ಆ ಕೆಂಪೂ ಒಂದೇ ಚಿತ್ರದಲ್ಲಿವೆಯೇ ಎಂದು ನೋಡುತ್ತೇವೆ. ಬಳಿಕ ಅದನ್ನೇ ಇನ್ನೊಂದು ಬೋರ್ಡಿಗೂ ಮಾಡುತ್ತೇವೆ.